ಹಿರಣ್ಮಯ್ ಎಂಬ ಯಾರಿಗೂ ಇಲ್ಲದ ಹೆಸರು

ಅಕ್ಕನ ಮಗನಿಗೆ ಹೆಸರು ಹುಡುಕುವ ಕೆಲಸವನ್ನು ನಾನೇ ಕೇಳಿ ಪಡೆದುಕೊಂಡೆ. ಸೋದರಮಾವನಾದ ಮೇಲೆ ಅಷ್ಟೂ ಮಾಡದಿದ್ದರೆ ಹೇಗೆ? ಅಕ್ಕನದು ಒಂದೇ ಷರತ್ತು. ಹೆಸರು ಬೇರೆ ಯಾರಿಗೂ ಇರಕೂಡದು. ಹೊಳೆನರಸೀಪುರದ ಶಾಲೆಯಲ್ಲಿ ಅವಳ ಕ್ಲಾಸಿನ ತುಂಬ ಸವಿತಾಗಳೇ. ಯಾವ ಸವಿತಾ ಲೆಕ್ಕ ತಪ್ಪು ಮಾಡಿದರೂ ಏಟು ಬೀಳುತ್ತಿದ್ದುದು ಇವಳಿಗೆ.

“ನನ್ ಮಗನ್ನ ಕೂಗಿದ್ರೆ ಅವ್ನೊಬ್ನೇ ತಿರುಗ್ಬೇಕು ಕಣೋ ಮಂಜ” ಎಂದಳು.

ಇಂಟರ್‌ನೆಟ್ಟನ್ನು ಜಾಲಾಡಿ ‘ಹಿರಣ್ಮಯ್’ ಎಂಬ ಹೆಸರನ್ನು ಹಿಡಿದು ತಂದೆ. ಚಿನ್ನದಂತೆ ಹೊಳೆಯುವವನು. ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದು ಗ್ಯಾರಂಟಿ ಕೊಟ್ಟೆ. ಅಕ್ಕನ ಕಣ್ಣು ತುಂಬಿ ಬಂತು. ಅಜ್ಜಿ ಮಾತ್ರ ಹೆಸರನ್ನು ಬಾಯಲ್ಲಿ ಹಾಕಿಕೊಂಡು ಒಂದು ಸುತ್ತು ಅಗಿದು, “ಈರಣ್ಣನಾ? ನಮ್ಮಪ್ಪನ ಎಸ್ರು ಕಣ್ಲಾ. ಒಳ್ಳೇದಾಯ್ತು ಬುಡು” ಎಂದಿತು.

“ತೊಟ್ಟಿಲಿಗೆ ಹಾಕೋವರ್ಗೂ ಯಾರ್ಗೂ ಹೇಳ್ಬೇಡ” ಎಂದು ಅಕ್ಕ ಆಣೆ ಹಾಕಿಸಿಕೊಂಡಳು.

ಭಾವನಿಗೆ ರಜೆ ಸಿಗಲಿಲ್ಲವಾಗಿ, ನೆಂಟರನ್ನು ಕರೆಯಲು ನಾನೇ ಬೈಕು ಹತ್ತಿದೆ. ಅರಕಲಗೂಡಿನ ಚಿಕ್ಕಮ್ಮ ಕಾಫಿ ಕೊಟ್ಟು, “ಏನ್ ಎಸ್ರಿಡ್ತೀರಪ್ಪ?” ಎಂದರು. ಕೊಟ್ಟ ಮಾತಿಗೆ ನಾನು ತಪ್ಪುವವನಲ್ಲ. ಹೇಳಲಿಲ್ಲ. ಅಭಿನಯಿಸಿದೆ. ಅಜ್ಜಿ ಹೇಗೆ ಈರಣ್ಣ ಮಾಡಿತು, ಭಾವ ‘ಣ್ಮ’ ಬಂದಾಗ ಹೇಗೆ ಹಂಪ್ ಹತ್ತಿದ ಬಸ್ಸಿನಂತೆ ಕುಲುಕುತ್ತಾರೆ, ಮುಂದೆ ಮೇಷ್ಟ್ರು ಹಾಜರಿ ಕೂಗುವಾಗ ಹೇಗೆ ಕೆಮ್ಮಿ ಮುಂದಿನ ಹೆಸರಿಗೆ ಹಾರುತ್ತಾರೆ, ಎಲ್ಲವನ್ನೂ ಮಾಡಿ ತೋರಿಸಿದೆ. ಕೊನೆಯಲ್ಲಿ ಸರಿಯಾದ ಉಚ್ಚಾರಣೆಯನ್ನೂ ಕಲಿಸಿದೆ. ಚಿಕ್ಕಮ್ಮನ ಪಕ್ಕದ ಮನೆಯವರೂ ಬಂದು ನಕ್ಕರು. ಚನ್ನರಾಯಪಟ್ಟಣದಲ್ಲಿ ಸರೋಜತ್ತೆ, “ಇನ್ನೊಂದ್ಸಲ ಮಾಡ್ಲಾ” ಎಂದು ಸೊಸೆಯನ್ನೂ ಕೂಸಿನ ಸಮೇತ ಒಳಗಿನಿಂದ ಕರೆಸಿ ಕೂರಿಸಿಕೊಂಡರು. ಹಾಸನಕ್ಕೆ ಬರುವಷ್ಟರಲ್ಲಿ ಪ್ರದರ್ಶನ ಎಷ್ಟು ಪಳಗಿತ್ತೆಂದರೆ, ಕರೆಯುವುದನ್ನೇ ಮರೆತು ಬಂದ ಮನೆಯೂ ಒಂದುಂಟು.

ನಾಮಕರಣದ ದಿನ ಬಂತು. ತಟ್ಟೆಯ ಅಕ್ಕಿಯಲ್ಲಿ ಭಾವ ಹೆಸರು ಬರೆದರು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವರು ಸೋದರತ್ತೆ, ಅಂದರೆ ಭಾವನ ಅಕ್ಕ, ರಾಮನಾಥಪುರದ ಜಯಮ್ಮ.

“ಇರ... ಇರಮ್ಣ... ಇರಣ್ಣಯ್...” ಜಯಮ್ಮನ ಹಣೆಯಲ್ಲಿ ಬೆವರು. “ಯಾವನ್ಲಾ ಈ ಎಸ್ರು ತಂದೋನು? ಕೂಸು ನನ್ ಮೊಕ ನೋಡಿ ನಗ್ತಾದೆ.”

“ಈರಣ್ಣ ಅನ್ನು, ಸಾಕು” ಎಂದಿತು ಅಜ್ಜಿ.

ಆಗ ಹಿಂದಿನ ಸಾಲಿನಿಂದ ಒಂದು ದನಿ, ಗಂಟೆ ಹೊಡೆದಂತೆ: “ಹಿರಣ್ಮಯ್.”

ಸರೋಜತ್ತೆ. ‘ಹೋಗು’ ಅನ್ನಲು ಬಾರದ ಬಾಯಲ್ಲಿ ಅಪ್ಪಟ ಹಕಾರ! ನನ್ನ ಎದೆ ಉಬ್ಬಿತು.

“ನೋಡಿದ್ರಾ? ಒಂದೇ ಪಾಠಕ್ಕೆ ಕಲ್ತಿದಾರೆ” ಎಂದೆ.

“ಪಾಠ ಏನ್ ಬಂತು ಮಂಜ? ದಿನಾ ಕೂಗಿ ಕೂಗಿ ರೂಢಿಯಾಗೋಗದೆ. ನನ್ ಮೊಮ್ಮಗಂಗೂ ಅದೇ ಇಟ್ವಲ್ಲ. ನೀನ್ ಬಂದೋದ್ಮ್ಯಾಲೇ ಸೊಸೆ ಅದೇ ಬೇಕು ಅಂತ ಕೂತ್ಬುಟ್ಲು.”

“ನಿಮ್ಮಲ್ಲೂವೆಯಾ?” ಅರಕಲಗೂಡಿನ ಚಿಕ್ಕಮ್ಮ ಇತ್ತ ತಿರುಗಿದರು. “ನಮ್ ಪಕ್ಕದ್ಮನೆ ಮಗೀಗೂ ಅದೇಯ. ಇವ್ನೇ ಯೋಳ್ಕೊಟ್ಟಿದ್ದು.”

ಅಕ್ಕ ನನ್ನನ್ನು ನೋಡಿದಳು. ಊರಿನವರನ್ನೆಲ್ಲ ಅಣಕಿಸಿದ್ದೇನೆ. ಆ ನೋಟವನ್ನು ಇವತ್ತಿಗೂ ಅಣಕಿಸಲಾಗಿಲ್ಲ.

“ಬೇರೆ ಹೆಸ್ರು ಇಡಿ” ಎಂದಳು, ಅಳು ನುಂಗಿಕೊಂಡು. ಅಕ್ಕಿಯಲ್ಲಿ ಬರೆದಾಯಿತು, ಇನ್ನು ಅಳಿಸಬಾರದು ಎಂದರು ಪುರೋಹಿತರು. ಕಡೆಗೆ ಸರೋಜತ್ತೆ ಒಂದೊಂದೇ ಅಕ್ಷರ ಹೇಳಿಕೊಟ್ಟು, ಜಯಮ್ಮ ಕೂಸಿನ ಕಿವಿಯಲ್ಲಿ ಹೆಸರನ್ನು ದಾಟಿಸಿದರು.

ಈಗ ನೆಂಟರ ಫೋನು ಬಂದರೆ ಅಕ್ಕ ಕೊಠಡಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಎಲ್ಲರೂ ಕೇಳುವುದು, “ಯಾವ ಹಿರಣ್ಮಯ್?” ಅಂತ. ಗುರುತಿಗೆ ಸರೋಜತ್ತೆಯದಕ್ಕೆ ಚನ್ನರಾಯಪಟ್ಟಣದ ಹಿರಣ್ಮಯ್, ಇನ್ನೊಂದಕ್ಕೆ ಅರಕಲಗೂಡಿನ ಹಿರಣ್ಮಯ್ ಎಂದಾಗಿದೆ. ಚಿನ್ನದಂತೆ ಹೊಳೆಯಬೇಕಿದ್ದ ನಮ್ಮವನಿಗೆ ಆ ಹೆಸರೂ ಉಳಿದಿಲ್ಲ. ಅವನು ಬರೀ ‘ಮಿಮಿಕ್ರಿ ಮಂಜನ ಅಳಿಯ’.

ಮಗು ಮಾತು ಕಲಿಯುವುದರೊಳಗೆ ನಾನು ಬಾಯಿ ಮುಚ್ಚುವುದನ್ನು ಕಲಿಯಬೇಕಂತೆ. ಅಕ್ಕನ ಹುಕುಂ. ಮಗು ಆಗಲೇ ‘ಬಾ, ಬಾ’ ಅನ್ನುತ್ತಿದೆ. ನನ್ನ ಕಡೆಯಿಂದ ಯಾವ ಪ್ರಗತಿಯೂ ಇಲ್ಲ.