ಮುದ್ದೆ ಅಗಿಯುವ ಮಾವ

ನಮ್ಮ ಸೋದರಮಾವ ಮುದ್ದೆಯನ್ನು ಅಗಿದು ತಿನ್ನುತ್ತಾರೆ. ಇದನ್ನು ಓದಿ ನಿಮಗೆ ಏನೂ ಅನ್ನಿಸದಿದ್ದರೆ ನೀವು ಕೊಳ್ಳೇಗಾಲದ ಕಡೆಯವರಲ್ಲ ಎಂದೇ ಅರ್ಥ. ನಮ್ಮ ಮಧುವನಹಳ್ಳಿಯಲ್ಲಿ ಈ ಮಾತನ್ನು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಆಡುವ ಹಾಗೇ ಇಲ್ಲ. ಮುದ್ದೆ ಇರುವುದು ನುಂಗುವುದಕ್ಕೆ. ಮುರಿ, ಉಪ್ಸಾರಿನಲ್ಲಿ ಹೊರಳಿಸು, ಗುಳುಂ ಅನ್ನಿಸು, ಮುಗಿಯಿತು! ಹಲ್ಲಿಗೆ ಅಲ್ಲಿ ಏನು ಕೆಲಸ? ಅಗಿಯುವವರು ಒಂದೋ ಪರಸ್ಥಳದ ನೆಂಟರು, ಇಲ್ಲವೇ ಹಾಲುಹಲ್ಲಿನ ಕೂಸುಗಳು.

ಅದರಲ್ಲೂ ಮಾವ ಸಾಮಾನ್ಯ ನುಂಗುಗಾರರೇ? ಹನೂರಿನಿಂದ ಯಳಂದೂರಿನ ತನಕ ಯಾರ ಮನೆಯ ಬೀಗರೂಟವಾದರೂ ಅವರ ಎಲೆಯ ಮುಂದೆ ನಾಲ್ಕು ಜನ ನಿಂತು ನೋಡುತ್ತಿದ್ದರು. ತುತ್ತು ಬಾಯಿಗೆ ಹೋಗುವುದು ಕಾಣುತ್ತಿತ್ತು, ಗಂಟಲಲ್ಲಿ ಇಳಿಯುವುದು ಕಾಣುತ್ತಿತ್ತು. ನಡುವೆ ದವಡೆ ಅಲ್ಲಾಡಿದ್ದನ್ನು ಮಾತ್ರ ಕಂಡವರಿಲ್ಲ.

ಮನೆಯಲ್ಲಿ ಅವರಿಗೆ ಮುದ್ದೆ ಕಟ್ಟುವವಳು ನನ್ನ ಅಮ್ಮ, ಅಂದರೆ ಅವರ ಅಕ್ಕ. ಅಜ್ಜಿ ಬೇಗ ತೀರಿಕೊಂಡದ್ದರಿಂದ ಈ ತಮ್ಮನನ್ನು ಸಾಕಿದವಳೂ ಅವಳೇ. ಮದುವೆಯ ಗೋಜಿಗೆ ಹೋಗದ ಮಾವ ಇವತ್ತಿಗೂ ನಮ್ಮ ಜೊತೆಯಲ್ಲೇ ಇದ್ದಾರೆ. ಹಸಿದ ಹುಡುಗನಿಗೆಂದು ಅಂದು ಹಿಡಿದ ಅಳತೆಯನ್ನು ಅಮ್ಮ ಅವರ ತಲೆ ನರೆತರೂ ಇಳಿಸಿರಲಿಲ್ಲ. ನಮ್ಮ ಮನೆಯಲ್ಲಿ ಪ್ರೀತಿಯನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ, ತಟ್ಟೆಗೆ ಇಕ್ಕುವ ಪದ್ಧತಿ.

ಆ ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಕಣ್ಣಿಗೇ ಕೈ ಹಾಕಿತು. ಈಗ ಎದುರಿಗೆ ನಿಂತವರು ಅವಳಿಗೆ ನೆರಳಿನ ಹಾಗೆ ಕಾಣುತ್ತಾರೆ, ಅಷ್ಟೆ. ನಾನು ಬೆಳಿಗ್ಗೆ ಯಳಂದೂರಿನ ಶಾಲೆಗೆ ಪಾಠ ಮಾಡಲು ಬಸ್ಸು ಹತ್ತಿದರೆ ಅವಳ ಕಣ್ಣು ಎಂದರೆ ಮಾವನೇ. ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಕೊಳ್ಳೇಗಾಲದ ಆಸ್ಪತ್ರೆಗೆ ಕರೆದೊಯ್ಯುವುದು, ದಾರಿಯಲ್ಲಿ ಯಾರ ಹೊಲದಲ್ಲಿ ಏನು ಬೆಳೆ ಎಂದು ಹೇಳುತ್ತಾ ಹೋಗುವುದು, ಎಲ್ಲಾ ಅವರೇ.

ಹಾಗೆ ಅಕ್ಕನನ್ನು ತೋರಿಸಲು ಹೋದವರು ಒಂದು ದಿನ ಡಾಕ್ಟರಮ್ಮನ ಬಲವಂತಕ್ಕೆ ತಾವೂ ರಕ್ತ ಕೊಟ್ಟರು. ಮಾವನಿಗೂ ಸಕ್ಕರೆ! ಹಿಡಿತದಲ್ಲಿ ಇಟ್ಟುಕೊಳ್ಳದಿದ್ದರೆ ನಿಮ್ಮ ಕಣ್ಣಿಗೂ ಕುತ್ತು ಬಂದೀತು ಎಂದು ಡಾಕ್ಟರಮ್ಮ ಎಚ್ಚರಿಸಿದರು. ಮಾತ್ರೆ ಬರೆದು, ಬಿಳಿ ಅನ್ನ ಕಡಿಮೆ ಮಾಡಿ, ನಾರಿನಂಶ ಇರುವುದನ್ನು ಹೆಚ್ಚು ತಿನ್ನಿ, ರಾಗಿ ಒಳ್ಳೆಯದು ಎಂದರು. ರಾಗಿ ಎಂಬ ಶಬ್ದ ಬಿದ್ದ ಮೇಲೆ ಮಾವನ ಕಿವಿ ಮಿಕ್ಕದ್ದನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ.

"ಅಕ್ಕೋ, ಡಾಕ್ಟ್ರೇ ಯೋಳವ್ರೆ ಕಣಕ್ಕ. ಅನ್ನ ಬುಟ್ಟು ಇಟ್ಟು ಉಣ್ಬೇಕಂತೆ" ಎಂದು ಹೊಸಲು ದಾಟುವ ಮೊದಲೇ ಸಾರಿದರು. ನಮ್ಮ ಕಡೆ ಮುದ್ದೆಗೆ ಹಿಟ್ಟು ಎನ್ನುತ್ತಾರೆ, ಅದರ ‘ಹ’ವನ್ನೂ ನುಂಗಿಯೇ ಹೇಳುತ್ತಾರೆ.

ಕಾಯಿಲೆಯ ಹೆಸರಿನಲ್ಲಿ ಮುದ್ದೆಗೆ ಲೈಸೆನ್ಸು ಪಡೆದ ಮನುಷ್ಯನನ್ನು ನೀವು ನೋಡಿದ್ದೀರಾ? ಹೊತ್ತು ಹೊತ್ತಿಗೂ ಮುದ್ದೆ. ಇದು ಔಷಧಿ ತಾನೆ ಎಂದು ಅಮ್ಮ ಇನ್ನೊಂದು ಹಿಡಿ ಹಿಟ್ಟು ಹೆಚ್ಚಿಗೆ ಹಾಕಿಯೇ ತೊಳಸಿದಳು. ಮುಂದಿನ ಸಲ ರಕ್ತ ಪರೀಕ್ಷೆಗೆ ಹೋದಾಗ ನಾನೂ ಜೊತೆಗಿದ್ದೆ. ಸಕ್ಕರೆ ಇಳಿಯುವುದಿರಲಿ, ಇನ್ನೂ ಏರಿ ಕೂತಿತ್ತು.

"ಏನು ತಿಂತಾ ಇದ್ದೀರಿ?" ಡಾಕ್ಟರಮ್ಮ ಕೇಳಿದರು.

"ಅನ್ನ ಮುಟ್ಟಿಲ್ಲ ಕಣ್ರವ್ವ. ಮೂರೊತ್ತೂ ಇಟ್ಟೇಯ."

"ಮುದ್ದೆ ಎಷ್ಟು ದೊಡ್ಡದಿರುತ್ತೆ?"

ಮಾವ ಮೇಜಿನ ಮೇಲೆಲ್ಲಾ ಕಣ್ಣಾಡಿಸಿದರು. ಹೋಲಿಕೆಗೆ ತಕ್ಕ ವಸ್ತು ಒಂದೂ ಸಿಗಲಿಲ್ಲ. ಕಡೆಗೆ ಕಂಕುಳಲ್ಲಿದ್ದ ಹೆಲ್ಮೆಟ್ಟನ್ನು ತೆಗೆದು ಮುಂದಿಟ್ಟು, "ಇದ್ಕಿಂತ ವಸಿ ಚಿಕ್ಕದು" ಎಂದರು.

ಡಾಕ್ಟರಮ್ಮ ಹೆಲ್ಮೆಟ್ಟನ್ನು ನೋಡಿದರು, ಮಾವನ ಹೊಟ್ಟೆಯನ್ನು ನೋಡಿದರು, ಆಮೇಲೆ ಮೊದಲಿನಿಂದ ಪಾಠ ಶುರುಮಾಡಿದರು. ತಟ್ಟೆಯಲ್ಲಿ ಅರ್ಧ ಸೊಪ್ಪು ತರಕಾರಿ, ಕಾಲು ಭಾಗ ಕಾಳು, ಉಳಿದ ಕಾಲು ಭಾಗದಲ್ಲಿ ಹಿಡಿಸುವಷ್ಟೇ ಮುದ್ದೆ. ರಾಗಿ ಹಿಟ್ಟನ್ನು ಜರಡಿ ಹಿಡಿಯಬಾರದು. ಮಾತ್ರೆ ತಪ್ಪಿಸಬಾರದು. ಏನೇ ತಿಂದರೂ ನಿಧಾನವಾಗಿ ಅಗಿದು ತಿನ್ನಬೇಕು.

"ಇಟ್ಟ ಅಗೀಬೇಕಾ?" ಮಾವನ ಮುಖ ಬಿಳಿಚಿಕೊಂಡಿತು. "ಅದೊಂದ ಬ್ಯಾಡಿ ಕಣ್ರವ್ವ. ಬೇಕಾರೆ ಸೂಜಿ ಚುಚ್ಬುಡಿ."

ಡಾಕ್ಟರಮ್ಮ ಪಕ್ಕದಲ್ಲಿ ಕೂತಿದ್ದ ಅಮ್ಮನ ಕಡೆ ತೋರಿಸಿದರು. "ಇವರನ್ನ ಕೈ ಹಿಡಿದು ಕರಕೊಂಡು ಬರೋರು ನೀವು. ನಾಳೆ ನಿಮ್ಮನ್ನ ಕರಕೊಂಡು ಬರೋರು ಯಾರು?"

ಮಾವ ಅಕ್ಕನ ಕೈ ಹಿಡಿದು ಎದ್ದರು, ಹೆಲ್ಮೆಟ್ಟನ್ನು ಅಲ್ಲೇ ಮರೆತರು. ಮನೆಗೆ ಬಂದವರೇ ಅಗಿಯಲು ಕೂತರು.

ಅವರ ಸ್ವಭಾವದಲ್ಲಿ ಸ್ವಲ್ಪ ಎನ್ನುವುದೇ ಇಲ್ಲವಲ್ಲ! ಕಾಳು ತಿನ್ನಿ ಎಂದರೆ ಒಂದೇ ದಿನ ಹುರುಳಿಕಾಳಿನ ಸಾರು, ಹುರುಳಿ ಮೊಳಕೆಯ ಪಲ್ಯ, ಸಂಜೆಗೆ ಬೇಯಿಸಿದ ಅಲಸಂದೆ. ನಾರಿನಂಶವನ್ನು ದಿನಕ್ಕಿಷ್ಟಿಷ್ಟೇ ಏರಿಸಬೇಕು, ನೀರು ಚೆನ್ನಾಗಿ ಕುಡಿಯಬೇಕು ಎಂದು ಹೊಟ್ಟೆಗೆ ಯಾರೂ ಹೇಳಿಕೊಡಬೇಕಿಲ್ಲ, ಅದೇ ಹೇಳಿತು. ಗಟ್ಟಿಯಾಗಿಯೇ ಹೇಳಿತು. ಆ ವಾರ ಮೊಪೆಡ್ಡಿನ ಹಿಂದೆ ಕೂರಲು ಅಮ್ಮ ಒಪ್ಪಲಿಲ್ಲ.

ಆಮೇಲೆ ಸೊಪ್ಪಿನ ಬೇಟೆ. ಹೊಲದ ಬದುವಿನಲ್ಲಿ ಹಸಿರು ಕಂಡರೆ ಮೊಪೆಡ್ಡು ತಾನಾಗಿ ನಿಲ್ಲುತ್ತಿತ್ತು. ಅಣ್ಣೆ ಸೊಪ್ಪು, ದಂಟು, ಹೊನಗೊನೆ ಎಲ್ಲವನ್ನೂ ತರುವರು. ಅಮ್ಮ ಒಂದೊಂದೇ ಎಲೆಯನ್ನು ಬೆರಳಲ್ಲಿ ಸವರಿ, ಮೂಸಿ, ತಿನ್ನುವುದನ್ನೂ ತಿನ್ನಬಾರದ್ದನ್ನೂ ಬೇರೆ ಮಾಡುವಳು. "ಇದ ತಿಂದ್ರೆ ಸಕ್ಕರೆ ಇಳಿಯಾಕಿಲ್ಲ ಕಣ್ಲಾ, ನಿನ್ನೇ ಗುಂಡಿಗಿಳುಸ್ತಾರೆ" ಎಂದು ಒಮ್ಮೆ ಅರ್ಧ ಹೊರೆಯನ್ನೇ ಆಚೆ ಎಸೆದಳು. ಒಂದು ಸಲ ಮಾರ್ಟಳ್ಳಿಯ ತನಕ ಹೋಗಿ ನುಗ್ಗೆಸೊಪ್ಪು ರಾಶಿ ಹಾಕಿಸಿಕೊಂಡರು. ಮಾರುವ ಅಜ್ಜಿ ತಮಿಳು ಬೆರೆಸಿ ಕೇಳಿದಳಂತೆ: "ಇವ್ವಳವು ಕೀರೆಯಾ? ಇಷ್ಟೊಂದ್ ಸೊಪ್ಪಾ? ಎಷ್ಟ್ ಆಡು ಸಾಕಿದೀರಿ ಸಾಮಿ?"

"ಒಂದೇಯ ಕಣಜ್ಜಿ," ಎಂದರಂತೆ ಮಾವ, "ಎರಡ್ ಕಾಲಿಂದು."

ಇಷ್ಟೂ ಮನೆಯ ಸುತ್ತಮುತ್ತ ನಡೆದದ್ದು. ನಿಜವಾದ ಪರೀಕ್ಷೆ ಎದುರಾದದ್ದು ಬಂಡಳ್ಳಿಯ ನೆಂಟರ ಬೀಗರೂಟದಲ್ಲಿ. ನಮ್ಮ ಬೀಗರೂಟ ಗೊತ್ತಲ್ಲ? ನೀವು ಉಣ್ಣಲು ಕೂತ ತಕ್ಷಣ ನಿಮ್ಮ ಕುರ್ಚಿಯ ಹಿಂದೆ ಇನ್ನೊಬ್ಬರು ಬಂದು, ಅದನ್ನೇ ಹಿಡಿದುಕೊಂಡು ನಿಲ್ಲುತ್ತಾರೆ. ನೀವು ಎದ್ದರೆ ಅವರು ಕೂರಬೇಕು. ಅಂಥ ಜಾಗದಲ್ಲಿ ಮಾವ ಜೇಬಿನಿಂದ ಡಬ್ಬಿ ತೆಗೆದು ಸೊಪ್ಪಿನ ಪಲ್ಯವನ್ನು ಎಲೆಗೆ ಸುರಿದುಕೊಂಡು, ಅನ್ನಕ್ಕೆ ಕೈ ಅಡ್ಡ ಹಿಡಿದು, ಮುದ್ದೆಯಲ್ಲಿ ಚೂರು ಮಾತ್ರ ಮುರಿದು, ಹಸು ಮೆಲುಕು ಹಾಕುವ ಹಾಗೆ ಅಗಿಯತೊಡಗಿದರು. ಸಾಲಿನಲ್ಲಿ ಕೂತವರೆಲ್ಲ ಕೈ ನಿಲ್ಲಿಸಿ ನೋಡಿದರು. ನುಂಗುವುದನ್ನು ನೋಡಲು ಬಂದಿದ್ದ ಹಳೆಯ ಅಭಿಮಾನಿಯೊಬ್ಬ ಎದ್ದೇ ಹೋದ.

ಹಿಂದೆ ನಿಂತವನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. "ಯಜಮಾನ್ರೆ, ಹಲ್ಲು ನೋವಾ?"

"ಇಲ್ಲ ಕಣಪ್ಪ. ಹಲ್ಲು ಚೆಂದಾಗವೆ, ಅದ್ಕೇ ಕೆಲ್ಸ ಕೊಟ್ಟಿವ್ನಿ."

ಅವನು ಬೇರೆ ಕುರ್ಚಿ ಹುಡುಕಿಕೊಂಡು ಉಂಡು, ಬೀಡಾ ಹಾಕಿಕೊಂಡು ಬಂದರೂ ಮಾವ ಅಗಿಯುತ್ತಲೇ ಇದ್ದರು. ಅವಮಾನದಿಂದ ನನಗೆ ತಲೆ ಎತ್ತಲಾಗಲಿಲ್ಲ. ಆದರೆ ಕೈ ತೊಳೆಯುವ ಕಡೆ ನಡೆದದ್ದೇ ಬೇರೆ. ಗಟ್ಟಿ ಮೀಸೆಯ ಬೀಗರೊಬ್ಬರು ಅತ್ತಿತ್ತ ನೋಡಿ, ಮಾವನ ಕಿವಿಯ ಹತ್ತಿರ ಬಾಗಿ, "ಅಗುದ್ರೆ ಸಕ್ಕರೆ ಇಳೀತದಾ?" ಎಂದರು. ಅವರ ಹಿಂದೆ ಇನ್ನೊಬ್ಬರು, ಇನ್ನೊಬ್ಬರ ಹಿಂದೆ ಅಡಿಗೆಯವರು. ಉಂಡವರಲ್ಲಿ ಎಷ್ಟು ಜನಕ್ಕೆ ಸಕ್ಕರೆ ಇತ್ತು ಎಂದು ಊರಿಗೆ ಗೊತ್ತಾದದ್ದು ಅವತ್ತೇ. ಮಾವ ಒದ್ದೆ ಕೈಯನ್ನು ಆಡಿಸುತ್ತಾ ಅರ್ಧ ಸೊಪ್ಪು, ಕಾಲು ಕಾಳು ಎಂದು ಭಾಷಣವನ್ನೇ ಮಾಡಿದರು. "ಮಾತ್ರೆ ಬುಡ್ಬ್ಯಾಡಿ ಮತ್ತೆ. ಸೊಪ್ಪು ತಿಂದಿವ್ನಿ ಅಂತ ಡಾಕ್ಟ್ರ ಮರೀಬ್ಯಾಡಿ" ಎಂದು ಎಚ್ಚರಿಕೆಯನ್ನೂ ಕೊಟ್ಟರು.

ಕಳೆದ ವಾರ ಮತ್ತೆ ಪರೀಕ್ಷೆ ಇತ್ತು. ಮಾವ ಅಮ್ಮನನ್ನು ಕೂರಿಸಿಕೊಂಡು ಊರ ಬಾಗಿಲಿನಿಂದಲೇ ಹಾರನ್ ಒತ್ತುತ್ತಾ ಬಂದರು. ಸಕ್ಕರೆ ಇಳಿದಿತ್ತು! ಕಣ್ಣಿಗೆ ಏನೂ ಆಗಿರಲಿಲ್ಲ, ಸೂಜಿಯ ಮಾತೂ ಇರಲಿಲ್ಲ. ಹೀಗೇ ಮುಂದುವರಿಸಿ ಎಂದು ಡಾಕ್ಟರಮ್ಮ ಬೆನ್ನು ತಟ್ಟಿದ್ದರಂತೆ. ಅವರು ಇಷ್ಟು ದಿನ ಕಾದಿಟ್ಟಿದ್ದ ಹೆಲ್ಮೆಟ್ಟೂ ಗೆದ್ದ ಬಹುಮಾನದ ಹಾಗೆ ಮಾವನ ತಲೆಯ ಮೇಲಿತ್ತು. ಬೀದಿಯ ಪ್ರತಿ ಮನೆಯ ಮುಂದೂ ಮೊಪೆಡ್ಡು ನಿಂತು ಹೊರಟಿತು.

ಊಟಕ್ಕೆ ಕೂತಾಗ ಗೆದ್ದ ಹುಮ್ಮಸ್ಸಿನಲ್ಲಿ ಮಾವ ತಟ್ಟೆ ಮುಂದೆ ತಳ್ಳಿದರು. "ಅಕ್ಕೋ, ಇವತ್ತೊಂದಿನ ಮೊದ್ಲಂಗೆ ಕಟ್ಟಕ್ಕ. ನುಂಗ್ಬುಟ್ಟು ಎದ್ ಓಯ್ತೀನಿ."

ಅಮ್ಮ ಕೈ ಒದ್ದೆ ಮಾಡಿಕೊಂಡು ಬಿಸಿ ಹಿಟ್ಟನ್ನು ತೆಗೆದುಕೊಂಡಳು. ದೊಡ್ಡದಾಗಿಯೇ ತೆಗೆದುಕೊಂಡಳು, ನಾನು ನೋಡುತ್ತಿದ್ದೆ. ಮುದ್ದೆ ಚಿಕ್ಕದಾದ ಮೊದಲ ದಿನಗಳಲ್ಲಿ, "ಕೂಸ್ಗೆ ಇಕ್ಕೋ ಅಷ್ಟ ನನ್ ತಮ್ಮನ್ಗೆ ಎಂಗವ್ವ ಇಕ್ಲಿ" ಎಂದು ಅತ್ತವಳು ಅವಳು. ಮುದ್ದೆ ಅಂಗೈಯಲ್ಲಿ ಒಂದೆರಡು ಸುತ್ತು ಉರುಳಿತು. ಆಮೇಲೆ ಅವಳ ಬೆರಳು ಅದನ್ನು ಅಂದಾಜಿನಲ್ಲೇ ಮುರಿಯಿತು, ಮತ್ತೆ ಮುರಿಯಿತು. ನಿಂಬೆಹಣ್ಣಿಗಿಂತ ಕೊಂಚ ದೊಡ್ಡದೊಂದನ್ನು ತಡವರಿಸುತ್ತಾ ತಮ್ಮನ ತಟ್ಟೆಗೆ ಇಟ್ಟಳು.

"ಇಷ್ಟೇಯ? ನಿಂಗೆ ಕಾಣಾಕಿಲ್ವಲ್ಲ, ಸರ್ಯಾಗಿ ನೋಡಕ್ಕ" ಎಂದು ಮಾವ ನಕ್ಕರು.

"ಕಾಣಾಕಿಲ್ಲ ಕಣ್ಲಾ, ಅದ್ಕೇ" ಎಂದಳು ಅಮ್ಮ. "ನಮ್ಮಿಬ್ರಿಗೂ ಇರಾದು ನಿನ್ನವೇ ಎರಡ್ ಕಣ್ಣು. ಅಗುದ್ ಉಣ್ಣು ಮಗ."

ಮಾವ ತಲೆ ಬಗ್ಗಿಸಿ ಅಗಿಯತೊಡಗಿದರು. ಅಮ್ಮ ಅವರ ಪಕ್ಕದಲ್ಲಿ ಕೂತು, ಆ ಸದ್ದು ನಿಲ್ಲುವ ತನಕ ಕಿವಿಗೊಟ್ಟು ಕೇಳಿದಳು.