ಹಾಲಕ್ಕನ ಎಸರು

ಬೆಳಿಗ್ಗೆ ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಿಸಿದೆ. ನಮ್ಮ ಮನೆಯವರಿಗೆ ಸಕ್ಕರೆಯಿಲ್ಲದ ಕಾಫಿ, ನನಗೆ ಅವರ ಪಾಲಿನ ಸಕ್ಕರೆಯನ್ನೂ ಸೇರಿಸಿದ ಕಾಫಿ ಮಾಡಿದೆ. ಮೋಟರ್ ಹಾಕಿದೆ, ನೆನಪಿಟ್ಟು ಆರಿಸಿದೆ. ತಳ ಸೀದ ಒಂದು ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಅರ್ಧ ಗಂಟೆ ಉಜ್ಜಿದೆ. ಆಮೇಲೆ ಮೆಟ್ಟಿಲ ಕೆಳಗಿನ ಮಂಡಕ್ಕಿ ಚೀಲದ ಬಾಯಿ ಬಿಚ್ಚಿ, ಒಂದು ಪುಟ್ಟಿ ತುಂಬ ತೆಗೆದು, ಮತ್ತೆ ಕಟ್ಟಿದೆ. ಆ ಪಾತ್ರೆ, ಈ ಚೀಲ, ಎರಡೂ ಒಂದೇ ಕಾಯಿಲೆಯಿಂದ ಬಂದವು. ಕಾಯಿಲೆಯ ಹೆಸರು ಅಂಜಿಕೆ. ನನಗದು ಮದುವೆಯ ದಿನವೇ ಅಂಟಿತು.

ನನ್ನ ಮದುವೆಯಲ್ಲಿ ಮೂರನೇ ಪಂಕ್ತಿಗೆ ಸಾರು, ಪಲ್ಯ, ಹುಗ್ಗಿ ಎಲ್ಲವೂ ಮುಗಿದಿದ್ದವು. ಕೂತಿದ್ದವರು ಗಂಡಿನ ಕಡೆಯವರು, ಅವರ ಊರು ಕೊಂಡಜ್ಜಿಯಿಂದ ಬಂದವರು. ಅಪ್ಪ ಕೈಮುಗಿದು ಎಲೆಯಿಂದ ಎಲೆಗೆ ಹೋಗಿ ಮಜ್ಜಿಗೆ ಅನ್ನ ಬಡಿಸಿದರು. ನಮ್ಮ ಮನೆಯವರ ಚಿಕ್ಕಪ್ಪ, ಅಂದರೆ ನನ್ನ ಚಿಕ್ಕಮಾವ, ಅದನ್ನು ಮರೆಯಲಿಲ್ಲ, ಬೇರೆಯವರಿಗೂ ಮರೆಯಲು ಬಿಡಲಿಲ್ಲ. ಯಾವ ಕಾರ್ಯದಲ್ಲಿ ಸಿಕ್ಕರೂ, "ಏನವ್ವಾ, ನಿಮ್ಮಪ್ಪನ ಮನ್ಯಾಗ ಊಟ ಮಜ್ಜಿಗಿಂದ್ಲೇ ಶುರುವಲ್ಲ?" ಎಂದು ನಗುವರು. ಅಪ್ಪನೂ ನಗುತ್ತಿದ್ದರು. ಮನೆಗೆ ಬಂದ ಮೇಲೆ ಮಾತ್ರ ಊಟ ಬೇಡ ಎನ್ನುತ್ತಿದ್ದರು. ಹಾಗಾಗಿ ದಾವಣಗೆರೆಯ ಬಾಡಿಗೆ ಮನೆ ಬಿಟ್ಟು ಹರಿಹರದಲ್ಲಿ ನಮ್ಮದೇ ಮನೆಯ ಗೃಹಪ್ರವೇಶ ನಿಶ್ಚಯವಾದಾಗ ಎಂಬತ್ತು ದಾಟಿದ ಅಪ್ಪನನ್ನು ಮುಂದೆ ಕೂಡಿಸಿ ಮನಸ್ಸಿನಲ್ಲೇ ಹರಕೆ ಹೊತ್ತೆ: ಆ ದಿನ ಯಾರೂ ಮಜ್ಜಿಗೆ ಅನ್ನ ಮಾತ್ರ ಉಂಡು ಏಳಬಾರದು.

ಅಡಿಗೆಗೆ ಬಾತಿ ಊರಿನ ಹಾಲಕ್ಕನನ್ನು ಕರೆಸಿದೆವು. ಎಷ್ಟು ಜನ ಎಂದು ಆಕೆ ಕೇಳಲೇ ಇಲ್ಲ. ಅವತ್ತು ಊರಲ್ಲಿ ಇನ್ನೆಷ್ಟು ಮುಹೂರ್ತ, ಕಾಲುವೆಗೆ ನೀರು ಬಿಡುವುದು ಯಾವಾಗ, ಪತ್ರಿಕೆ ಹೆಂಗೆ ಕೊಟ್ಟಿರಿ ಎಂದು ಕೇಳಿದಳು.

"ಮೊಬೈಲ್‌ನಾಗೂ ಕಳಿಸೀವಿ, ಮನಿಗೆ ಹೋಗಿನೂ ಕೊಟ್ಟೀವಿ" ಎಂದೆ.

"ಬ್ಯಾರೆ ಬ್ಯಾರೆ ಹೇಳ್ರಿ ಅಕ್ಕಾರ. ಮೊಬೈಲ್‌ನಾಗ ಕರದ್ರೆ ನಾಕು ಮನಿಗೆ ಒಬ್ರು ಬರ್ತಾರೆ. ಕುಂಕುಮ ಹಚ್ಚಿ ಕರದ್ರೆ ಒಂದು ಮನಿಗೆ ನಾಕು ಮಂದಿ."

ಕೊಂಡಜ್ಜಿಯ ಹೆಸರು ಬಂದಾಗ ತಲೆಯಾಡಿಸಿದಳು. "ಅವರು ಬರಲ್ಲ. ಆ ಹೊತ್ತಿಗೆ ನೀರು ಬಂದಿರ್ತೈತೆ, ನಾಟಿ ಬಿಟ್ಟು ಯಾರು ಬರ್ತಾರೆ?"

ನಮ್ಮ ಮನೆಯವರು ನಿವೃತ್ತರಾದಾಗಿನಿಂದ ಷೇರು ಮಾರುಕಟ್ಟೆಯ ಭವಿಷ್ಯ ಹೇಳುವವರನ್ನು ಟಿವಿಯಲ್ಲಿ ನೋಡುತ್ತಾರೆ. ಟೈ ಕಟ್ಟಿದ ಆ ಮಹನೀಯರು ನಾಳೆ ಏರುತ್ತದೆ ಎನ್ನುತ್ತಾರೆ. ಇಳಿದರೆ ಯಾಕೆ ಇಳಿಯಿತೆಂದು ಮರುದಿನ ಅಷ್ಟೇ ನೆಮ್ಮದಿಯಿಂದ ವಿವರಿಸುತ್ತಾರೆ. ಅಂಥವರ ಶಿಷ್ಯರಾದ ಇವರಿಗೂ ಹಾಲಕ್ಕನ ಪ್ರಶ್ನೆ ಕೇಳಿ ಗೌರವ ಹುಟ್ಟಿತು. ಆದರೂ ಗೇಟಿನ ಹತ್ತಿರ ಹೋಗಿ, ಐವತ್ತು ಜನಕ್ಕೆ ಕಡಿಮೆ ಮಾಡು ಎಂದು ಗುಟ್ಟಾಗಿ ಹೇಳಿದರಂತೆ. ನಾನು ಅದಕ್ಕೆ ಮೊದಲೇ ಹಿತ್ತಲಲ್ಲಿ, ಐವತ್ತು ಜನಕ್ಕೆ ಜಾಸ್ತಿ ಮಾಡು ಎಂದು ಗುಟ್ಟಾಗಿ ಹೇಳಿದ್ದೆ. ಆಕೆ ಇಬ್ಬರಿಗೂ ಹೂಂ ಎಂದಿದ್ದಳು. "ಹೆಣ್ಮಕ್ಳು ಮಾನಕ್ಕ ಅಂಜಿ ಕೂಡಸ್ತಾರೆ, ಗಂಡಸ್ರು ಬಿಲ್ಲಿಗೆ ಅಂಜಿ ಕಳೀತಾರೆ. ನಾನು ಎರಡೂ ಕೇಳಿ ನಂದು ನಾನು ಮಾಡ್ತೀನಿ" ಎಂದು ಆಮೇಲೆ ಹೇಳಿದಳು. ಆಕೆಯ ಹೂಂ ಮೇಲೂ ನಂಬಿಕೆ ಸಾಲದೆ ನಾನು ಮಂಡಕ್ಕಿ ಹುರಿಯುವ ಭಟ್ಟಿಯಿಂದ ದೊಡ್ಡ ಚೀಲವೊಂದನ್ನು ತರಿಸಿ, ಯಾರಿಗೂ ಕಾಣದಂತೆ ಮಹಡಿಯ ಹೊಸ ಬಚ್ಚಲಲ್ಲಿ ಇಟ್ಟೆ. ಅದು ನನ್ನ ವಿಮೆ.

ಗೃಹಪ್ರವೇಶದ ದಿನ ಹಾಲಕ್ಕ ಗಳಿಗೆಗೊಮ್ಮೆ ಬಾಗಿಲಿಗೆ ಬಂದು ಚಪ್ಪಲಿ ನೋಡಿ ಒಳಗೆ ಹೋಗುತ್ತಿದ್ದಳು. "ತಲಿ ಎಣಿಸಬಾರ್ದು, ಅಡ್ಡಾಡ್ತಾವೆ. ಚಪ್ಪಲಿ ನಿಂತಲ್ಲೇ ಇರ್ತಾವೆ" ಎಂದಳು. ಅಡಿಗೆಯ ಕಡೆ ನಾಲ್ಕು ಒಲೆ. ಮೂರರ ಮೇಲೆ ಅಡಿಗೆ, ನಾಲ್ಕನೆಯದರ ಮೇಲೆ ಬರೀ ನೀರು ಬೆಳಗಿನಿಂದ ಕುದಿಯುತ್ತಿತ್ತು. ಪಕ್ಕದಲ್ಲಿ ತೊಳೆದ ಅಕ್ಕಿಯ ಒಂದು ಡಬರಿ, ಬೇಳೆ ಬೇಯಿಸಿ ಮುಚ್ಚಿಟ್ಟ ಇನ್ನೊಂದು. ಸುಮ್ಮನೆ ಯಾಕೆ ಸೌದೆ ಸುಡುತ್ತೀ ಎಂದು ನಾನು ಎರಡು ಸಲ ಹೇಳಿದೆ. ಆಕೆ ಕೇಳಿಸಿಕೊಳ್ಳಲಿಲ್ಲ.

ಎರಡು ಗಂಟೆಗೆ ಕೊನೆಯ ಪಂಕ್ತಿ ಎದ್ದಿತು. ಕೊಪ್ಪರಿಗೆಯಲ್ಲಿ ಅನ್ನ ಹಿಡಿಯಷ್ಟು. ಹೆಚ್ಚಲ್ಲ, ಕಡಿಮೆಯಲ್ಲ. ಆಕೆಯ ಲೆಕ್ಕಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿಯುವಷ್ಟರಲ್ಲಿ ಬಾಗಿಲಿಗೆ ಎರಡು ಟೆಂಪೋ ಬಂದು ನಿಂತವು. ಮೊದಲು ಇಳಿದವರು ಚಿಕ್ಕಮಾವ, ಹಿಂದೆ ಇಡೀ ಕೊಂಡಜ್ಜಿ. ಕಾಲುವೆ ನೀರು ಅವರ ಗದ್ದೆ ಮುಟ್ಟಲು ಇನ್ನೆರಡು ದಿನ ಬೇಕಂತೆ, ಎಲ್ಲರೂ ಬಿಡುವಾಗಿದ್ದರು. ಮೂಲೆಯ ಕುರ್ಚಿಯಲ್ಲಿದ್ದ ಅಪ್ಪ ಎದ್ದು ನಿಂತರು. ಅವರ ಕೈ ತಾನಾಗಿ ಮುಗಿಯುತ್ತಿತ್ತು.

ಒಳಗೆ ಓಡಿದೆ. "ಹಾಲಕ್ಕ, ಬಂದ್ರು."

"ನಾನು ತಪ್ಪಿದೆ ಬಿಡ್ರಿ" ಎಂದು ಆಕೆ ಅಕ್ಕಿಯ ಡಬರಿಯನ್ನು ಕುದಿಯುವ ನೀರಿಗೆ ಸುರಿದಳು. "ತಪ್ತೀನಿ ಅಂತ ಗೊತ್ತಿದ್ದಕ್ಕೇ ಎಸರು ಇಟ್ಟಿದ್ದು. ಬೇಯಿಸಿದ ಅನ್ನ ತಿರುಗಿ ಅಕ್ಕಿ ಆಗಲ್ಲ ಅಕ್ಕಾರ. ಅದಕ್ಕೇ ಒಂದಿಷ್ಟು ಬೇಯಿಸದೇ ಇಡ್ಬೇಕು. ನನಗ ಅರ್ಧ ತಾಸು ಬೇಕು."

"ಅಲ್ಲೀತನ ಏನ್ ಮಾಡ್ಲಿ? ಮಂಡಕ್ಕಿ ಐತೆ, ಕೊಡ್ಲಾ?"

"ಮಂಡಕ್ಕಿ ಬ್ಯಾಡ. ಯಜಮಾನ್ರಿಗೆ ಮನಿ ತೋರ್ಸ್ರಿ ಅನ್ರಿ."

ಒಲೆಯ ಉರಿಯಂತೆ ಆಕೆ ನಮ್ಮ ಮನೆಯವರನ್ನೂ ಅಳೆದಿಟ್ಟಿದ್ದಳು. ಇವರು ಅಷ್ಟೂ ಜನರನ್ನು ಕರೆದುಕೊಂಡು ಹೊರಟರು. ಅಡಿಪಾಯದ ಕಲ್ಲು ಬಂದ ಕಥೆ, ಕಿಟಕಿಯ ಮರ ಕೊಯ್ಯಿಸಿದ ಕಥೆ, ಸಂಪಿನ ಆಳ, ಒಂದೊಂದು ಸ್ವಿಚ್ಚು. ನನಗೆ ಮೂವತ್ತು ವರ್ಷ ಬೇಸರ ತಂದ ಗುಣವನ್ನು ಅವತ್ತು ಮೊದಲ ಸಲ ಮೆಚ್ಚಿದೆ. ಮಹಡಿಯ ಬಚ್ಚಲಿನ ಬಾಗಿಲನ್ನೂ ತೆರೆದು ತೋರಿಸಿದರಂತೆ. ನನ್ನ ವಿಮೆ ಅಲ್ಲೇ ಬಾಯಿ ಕಟ್ಟಿಸಿಕೊಂಡು ನಿಂತಿತ್ತು.

ಅವರು ಇಳಿದು ಬರುವ ಹೊತ್ತಿಗೆ ಎಲೆ ಹಾಕಿತ್ತು. ಉಗಿಯಾಡುವ ಅನ್ನದ ಮೇಲೆ ಬಿಸಿ ಸಾರು ಬಿತ್ತು. ಅಪ್ಪ ತಾವೇ ತುಪ್ಪದ ಮಿಳ್ಳೆ ಹಿಡಿದು ಬಡಿಸಿದರು. ಚಿಕ್ಕಮಾವ ಅನ್ನ ಮುಟ್ಟಿ, ಸುಟ್ಟ ಬೆರಳನ್ನು ಊದಿಕೊಂಡರು.

"ಬೀಗರೇ, ಬಚ್ಚಲದಾಗ ಚೀಲ ನೋಡಿ, ಮಜ್ಜಿಗಿ ಹೋಗಿ ಮಂಡಕ್ಕಿ ಬಂತು ಅನ್ಕೊಂಡಿದ್ದೆ. ಇದೇನು, ನಾವು ಬರೋದು ಕಾದು ಅನ್ನ ಇಳಿಸೀರಲ್ಲ?"

"ನಿಮಗೋಸ್ಕರನೇ ಮತ್ತ" ಎಂದರು ಅಪ್ಪ. ಅವತ್ತು ಸಂಜೆ ಅವರು ಎರಡು ಸಲ ಉಂಡರು.

ಮುಂದಾಗುವುದನ್ನು ತಪ್ಪದೆ ಹೇಳುವವರನ್ನು ನಾನು ಕಂಡಿಲ್ಲ. ತಪ್ಪುವುದನ್ನು ಲೆಕ್ಕದಲ್ಲಿ ಹಿಡಿದವಳನ್ನು ಕಂಡೆ. ಆ ಭಕ್ತಿಯಲ್ಲಿ, ಯಾರಾದರೂ ಬಂದರೆ ಇರಲಿ ಎಂದು ನಾನೂ ದಿನಾ ಒಲೆಯ ಮೇಲೆ ಎಸರಿಡತೊಡಗಿದೆ. ಯಾರೂ ಬರಲಿಲ್ಲ. ನಿನ್ನೆ ಮಾತಿನ ನಡುವೆ ಮರೆತು, ನೀರು ಬತ್ತಿ, ಪಾತ್ರೆಯ ತಳ ಸೀದಿತು. ಚಪ್ಪಲಿ ನೋಡಿ ಒಲೆ ಹಚ್ಚಬೇಕೆಂಬ ಉಳಿದರ್ಧ ಪಾಠವನ್ನು ನಾನು ಕಲಿತಿರಲೇ ಇಲ್ಲ.

ಇವತ್ತು ರಾತ್ರಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದೆವು. ಗೃಹಪ್ರವೇಶವಾಗಿ ಮೂರು ವಾರ, ಬಚ್ಚಲಿನಿಂದ ಮೆಟ್ಟಿಲ ಕೆಳಗೆ ಇಳಿದ ವಿಮೆ ಇನ್ನೂ ಕಾಲು ಚೀಲ ಉಳಿದಿದೆ. ಇದು ಮುಗಿದ ಮೇಲೆ, ಮನೆಯಲ್ಲಿ ಇರಲಿ ಎಂದು ಇನ್ನೊಂದು ಚೀಲ ತರಿಸೋಣವೇ ಎಂದು ಕೇಳಲು ನಮ್ಮ ಮನೆಯವರ ಕಡೆ ತಿರುಗಿದೆ. ಅವರು ಆಗಲೇ ನಿದ್ದೆ ಹೋಗಿದ್ದರು, ಅಥವಾ ನನ್ನ ಪ್ರಶ್ನೆಯನ್ನು ಮೊದಲೇ ಊಹಿಸಿದ್ದರು.