ನಳದ ಸಾಹೇಬರಿಗೊಂದು ಮಾನಪತ್ರ

ಹೊಗಳುವುದು ಬೈಯುವುದಕ್ಕಿಂತ ದಣಿವಿನ ಕೆಲಸ ಎಂದರೆ ನೀವು ನಂಬಲಿಕ್ಕಿಲ್ಲ. ಬೈಯಲು ಸಿಟ್ಟೊಂದಿದ್ದರೆ ಸಾಕು, ಮಾತು ತಾನಾಗಿ ಬರುತ್ತದೆ. ಹೊಗಳಲು ಕೂತರೆ ಶಬ್ದಗಳು ಕೈಕೊಡುತ್ತವೆ. ಹುಬ್ಬಳ್ಳಿಯಲ್ಲಿ ಕನ್ನಡ ಮಾಸ್ತರನಾಗಿ ನಾನು ಮಕ್ಕಳಿಗೆ ಕಲಿಸಿದ್ದಕ್ಕಿಂತ ಸಾಹೇಬರುಗಳನ್ನು ಹೊಗಳಿದ್ದೇ ಹೆಚ್ಚು. ಯಾವ ಸಾಹೇಬರಿಗೆ ವರ್ಗವಾದರೂ ಹಾರ ತರುವವರು ಒಬ್ಬರು, ಫೋಟೋದವನನ್ನು ಕರೆಯುವವರು ಇನ್ನೊಬ್ಬರು, ಮಾನಪತ್ರ ಬರೆಯುವವನು ಮಾತ್ರ ನಾನೇ. ಬಳ್ಳಿಯ ಅಂಚಿನ ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, ಸಭೆಯಲ್ಲಿ ಓದಿ ಕೈಗೆ ಕೊಡುವ ಹೊಗಳಿಕೆ ಅದು. ‘ದಕ್ಷರೂ ದಯಾಳುಗಳೂ ಆದ’ ಎಂದು ಶುರುವಾಗಿ ‘ತಮ್ಮ ಅಗಲಿಕೆಯಿಂದ ಈ ಊರು ಅನಾಥವಾಯಿತು’ ಎಂದು ಮುಗಿಯುತ್ತದೆ. ನಡುವೆ ಹೆಸರು ಬದಲಿಸಿದರಾಯಿತು. ಒಮ್ಮೆ ಅದನ್ನೂ ಮರೆತುಬಿಟ್ಟಿದ್ದೆ. ಆ ಸಾಹೇಬರು ಹಿಂದಿನವರ ಹೆಸರಿನಲ್ಲೇ ಹೊಗಳಿಸಿಕೊಂಡು, ಕಣ್ಣೊರೆಸಿಕೊಂಡು ರೈಲು ಹತ್ತಿದರು. ಯಾರಿಗೂ ಏನೂ ಅನಿಸಲಿಲ್ಲ.

ಹೀಗೆ ಸುಳ್ಳು ಹೊಗಳಿ ಹೊಗಳಿ ಸಾಕಾಗಿದ್ದ ದಿನಗಳಲ್ಲಿ ನೀರಿನ ಖಾತೆಗೆ ಹೊಸ ಸಾಹೇಬರು ಬಂದರು. ದುರ್ಗದಬೈಲಿನ ಹಿಂದಿನ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ನಳ. ಅದರಲ್ಲಿ ನೀರು ಬರುತ್ತಿದ್ದದ್ದು ಹನ್ನೊಂದು ಗಂಟೆಗೆ. ಗಂಡಸರೆಲ್ಲ ಶಾಲೆ, ಕಚೇರಿ, ಅಂಗಡಿ ಸೇರಿದ ಮೇಲೆ, ಬಿಸಿಲು ನೆತ್ತಿಗೇರುವ ಹೊತ್ತಿನಲ್ಲಿ, ಹೆಂಗಸರು ಸುಡುವ ಕಲ್ಲಿನ ಮೇಲೆ ಬರಿಗಾಲಲ್ಲಿ ಸಾಲು ಹಿಡಿಯಬೇಕು. ನನ್ನ ಹೆಂಡತಿ ಹಿಂದಿನ ವರ್ಷ ಅಲ್ಲೇ ಜಾರಿಬಿದ್ದು ಸೊಂಟ ಹಿಡಿಸಿಕೊಂಡಿದ್ದಳು. ಬೆಳಗಿನ ನೀರೆಲ್ಲ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಕಾರಖಾನೆಗೆ ಹೋಗುತ್ತಿತ್ತು. ಅರ್ಜಿಗಳನ್ನೇನೋ ಕೊಟ್ಟಿದ್ದೆವು. ಅವನ್ನೂ ನಾನೇ ಬರೆದಿದ್ದೆನಾದ್ದರಿಂದ ಅವುಗಳ ಭಾಷೆ ಬಹಳ ಚೆನ್ನಾಗಿತ್ತು ಎಂದಷ್ಟೇ ಹೇಳಬಲ್ಲೆ.

ಹೊಸ ಸಾಹೇಬರು ಒಂದು ದಿನ ತಾವೇ ಬಂದು, ಹನ್ನೊಂದರ ಬಿಸಿಲಲ್ಲಿ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಳ್ಳುತ್ತ ನಳದ ಪಕ್ಕ ಅರ್ಧ ತಾಸು ನಿಂತರು. ಅಲ್ಲಿಂದ ನೇರವಾಗಿ ಜಿನ್ನಿನ ಮಾಲೀಕ ಶೆಟ್ಟರ ಬಳಿಗೆ ಹೋದರು. ಶೆಟ್ಟರು ಎಲ್ಲ ಕೇಳಿ, “ನಮ್ಮ ಬಾಯ್ಲರಿಗೆ ಮುಂಜಾನೆ ಆದ್ರೇನು, ಮಧ್ಯಾಹ್ನ ಆದ್ರೇನ್ರಿ? ಅದಕ್ಕೇನು ಬಿಸಿಲು ಹತ್ತತೈತೇನು? ಹೆಣ್ಮಕ್ಕಳಿಗೆ ಮೊದಲ ಕೊಡ್ರಿ,” ಎಂದರಂತೆ. ಕಮಿಟಿಯಿಲ್ಲ, ಠರಾವಿಲ್ಲ. ಮರುವಾರದಿಂದ ಬೆಳಿಗ್ಗೆ ಆರಕ್ಕೆ ನೀರು ಬಂತು. ಇಷ್ಟು ಸಣ್ಣ ಬುದ್ಧಿವಂತಿಕೆಗೆ ನಾವು ಇಷ್ಟು ವರ್ಷ ಕಾದೆವಲ್ಲ ಎಂದು ಸಂತೋಷದ ಜೊತೆಗೆ ಸುಸ್ತೂ ಆಯಿತು.

ಜೀವಮಾನದಲ್ಲಿ ಒಂದಾದರೂ ನಿಜವಾದ ಮಾನಪತ್ರ ಬರೆಯಬೇಕೆನಿಸಿತು. ಬರೆಯಲು ಕೂತೆ. ‘ದಕ್ಷರು’ ಎಂಬುದನ್ನು ಮೇಜಿನ ಮೇಲೆ ಮಲಗುತ್ತಿದ್ದವರಿಗೆ ಕೊಟ್ಟಾಗಿತ್ತು. ‘ದಯಾಳು’ವನ್ನು ಕಚೇರಿಯ ಸಿಪಾಯಿಗೆ ಹಬ್ಬದ ರಜೆಯನ್ನೂ ಕೊಡದವರಿಗೆ ಕೊಟ್ಟಿದ್ದೆ. ಕೊನೆಗೆ ಬೇಸತ್ತು, ‘ತಾವು ಬಿಸಿಲಿನಲ್ಲಿ ನಿಂತು ನೋಡಿದಿರಿ. ಶೆಟ್ಟರು ಬೆಳಗಿನ ಪಾಳಿ ಬಿಟ್ಟುಕೊಟ್ಟರು. ನೀರು ಬೆಳಿಗ್ಗೆ ಬಂತು. ನಮ್ಮ ಹೆಣ್ಣುಮಕ್ಕಳು ತಮ್ಮಿಬ್ಬರನ್ನೂ ನೆನೆಯುತ್ತಾರೆ’ ಎಂದು ಬರೆದೆ. ಹೆಂಡತಿಗೆ ಓದಿ ತೋರಿಸಿದೆ. “ಇಷ್ಟಽ ಏನು?” ಎಂದಳು. ಆಮೇಲೆ, “ಆದ್ರ ಖರೇ ಅದ,” ಎಂದಳು.

ಸಭೆಯ ದಿನ ಗೊತ್ತುಮಾಡಲು ನಾನೂ ಶೆಟ್ಟರೂ ಸಾಹೇಬರ ಮನೆಗೆ ಹೋದೆವು. ಮಾನಪತ್ರ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಅವರ ಮುಖದ ಬಣ್ಣ ಇಳಿಯಿತು.

“ನನಗ ವರ್ಗ ಆತೇನ್ರಿ ಮಾಸ್ತರ? ಆರ್ಡರ್ ಬಂದೇ ಇಲ್ಲಲ್ಲಾ!”

“ಹಂಗೇನಿಲ್ಲರೀ. ತಾವು ಛಲೋ ಕೆಲಸ ಮಾಡೀರಿ, ಅದಕ್ಕ...”

“ಛಲೋ ಕೆಲಸ ಮಾಡ್ದವರಿಗೆ ಇನ್ನೂ ಊರಾಗ ಇದ್ದಾಗ ಮಾನಪತ್ರ ಕೊಟ್ಟದ್ದು ನಾ ಎಲ್ಲೂ ಕೇಳಿಲ್ಲ. ನಿಮಗ ಸುದ್ದಿ ಹತ್ತೇದ. ಯಾವ ಊರು ಅನ್ನೂದಷ್ಟು ಹೇಳಿಬಿಡ್ರಿ.”

“ಖರೇನ ವರ್ಗ ಇಲ್ಲರಿ ಸಾಹೇಬ್ರ,” ಎಂದು ಶೆಟ್ಟರೂ ಹೇಳಿದರು. ನಾನು ಆಣೆಯಿಟ್ಟೆ. ಆಣೆಯಿಟ್ಟಷ್ಟೂ ವರ್ಗವಾಗಿದೆಯೆಂದೇ ಅವರಿಗೆ ನಂಬಿಕೆ ಗಟ್ಟಿಯಾಯಿತು. ಒಳಗೆ ಅವರ ಮನೆಯವರು ಆಗಲೇ ಪಾತ್ರೆಗಳನ್ನು ಕೆಳಗಿಳಿಸುವ ಸಪ್ಪಳ ಕೇಳಿಸಿತು. ಮೇಲಿನವರು ಯಾವುದೋ ದೂರದ ಊರಿಗೆ ಎತ್ತಿ ಒಗೆಯುವ ಮೊದಲು ತಾವೇ ಕೇಳಿಕೊಳ್ಳುವುದು ಮೇಲೆಂದು ಸಾಹೇಬರು ಬೆಳಗಾವಿಗೆ ವರ್ಗ ಬೇಡಿ ಅರ್ಜಿ ಹಾಕಿದರು. ಅದು ಮಾತ್ರ ಲಗುಬಗೆಯಿಂದ ಮಂಜೂರಾಯಿತು. ನನ್ನ ಮಾನಪತ್ರ ಕೊನೆಗೂ ಬೀಳ್ಕೊಡುವ ಸಭೆಯಲ್ಲೇ ಓದಲ್ಪಟ್ಟಿತು. ಇಷ್ಟು ಚಿಕ್ಕದಾದದ್ದಕ್ಕೆ ನನಗೂ ಸಾಹೇಬರಿಗೂ ಏನೋ ಮನಸ್ತಾಪ ಎಂದು ಜನ ಮಾತಾಡಿಕೊಂಡರು. ಸಾಹೇಬರು ಮಾತ್ರ ಹಾರದೊಳಗಿಂದ ನನ್ನ ಕೈ ಹಿಡಿದು, “ನಾ ಅವತ್ತಽ ಹೇಳಿದ್ನಿಲ್ಲೋ?” ಎಂದರು.

ಅವರ ಜಾಗಕ್ಕೆ ಬಂದವರು ಹಳೆಯ ಕಾಗದಪತ್ರ ತೆಗೆದು ನೋಡಿ, ನೀರನ್ನು ಮತ್ತೆ ಹನ್ನೊಂದಕ್ಕೆ ತಂದರು. ಶೆಟ್ಟರು ತಾವೇ ಹೋಗಿ ಬೆಳಗಿನ ನೀರು ಬೇಡವೆಂದರೂ ನಡೆಯಲಿಲ್ಲ. “ಹಳೇ ಕಾಗದದಾಗ ಹಂಗಽ ಐತಂತ್ರಿ, ಏನು ಮಾಡೂದು?” ಎಂದು ನನ್ನೆದುರು ಕೈ ಚೆಲ್ಲಿದರು.

ಇನ್ನು ಒಂದು ಸಂಗತಿ ಉಳಿಯಿತು. ನಿಮಗೆ ಹೇಳದೆ ಮುಗಿಸಬಹುದಿತ್ತು. ಆರು ಗಂಟೆಗೆ ನೀರು ಬರುತ್ತಿದ್ದಾಗ ನಾನು ಮನೆಯಲ್ಲೇ ಇರುತ್ತಿದ್ದೆನಲ್ಲ, ಹೆಂಡತಿಯ ಸೊಂಟದ ನೋವಿನ ದೆಸೆಯಿಂದ ಕೊಡ ಹೊರುವವನು ನಾನಾಗಿದ್ದೆ. ದಿನಕ್ಕೆ ಹನ್ನೆರಡು ಕೊಡ. ಓಣಿಯ ಹೆಂಗಸರು ಸೆರಗಿನ ಮರೆಯಲ್ಲಿ ನಗುತ್ತಿದ್ದರು. ಬೇಸರವಾಗಲಿಲ್ಲವೆಂದು ಸುಳ್ಳು ಹೇಳಲಾರೆ. ನೀರು ಮತ್ತೆ ಹನ್ನೊಂದಕ್ಕೆ ಬಂದ ಮೊದಲ ದಿನ ನಾನು ಶಾಲೆಗೆ ಹೊರಟಿದ್ದೆ. ಮುಂಚಿತವಾಗಿ ಸಾಲು ಹಿಡಿಯಲು ಹೊರಟ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ಮಾನಪತ್ರ ಅಂದ್ರ ಹೋಗೋವ್ರಿಗೆ ಕೊಡೋದು ಅಂತ ಈ ಊರಾಗ ನಿಮಗಿಂತ ಛಲೋ ಯಾರಿಗೆ ಗೊತ್ತದ? ಇರೋ ಸಾಹೇಬರಿಗೆ ಯಾಕ ಬರೆಯಲಿಕ್ಕೆ ಹೋದ್ರಿ?”

ಕೊಡ ಹೊರುವುದು ತಪ್ಪಲೆಂದಲ್ಲ ಎಂದು ಅವಳಿಗೂ ಆಣೆಯಿಟ್ಟೆ. ಸಾಹೇಬರು ಕೇಳಿಸಿಕೊಂಡ ಹಾಗೆಯೇ ಅವಳೂ ಕೇಳಿಸಿಕೊಂಡಳು. ಆಣೆಯಿಡುತ್ತ ಇಡುತ್ತ ನನಗೇ ನನ್ನ ಮೇಲೆ ಅನುಮಾನ ಬಂದು, ನಾಚಿಕೆಯಿಂದ ತಲೆ ತಗ್ಗಿತು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಅವಳು ಕೊಡ ಎತ್ತಿಕೊಂಡಳು, ನಾನು ಕೊಡೆ ಎತ್ತಿಕೊಂಡೆ.